ಐದೈದು ಸಾವಿರ ರೂಪಾಯಿ, ಎರಡು ಮನೆ: ಬೆಂಕಿಯ ಭಯಕ್ಕೆ ಎಲ್ಲಿ ಯಾವುದು ಮೊದಲು?

ತಿಪಟೂರು ಕಡೆಯ ನಮ್ಮ ಹಳ್ಳಿ ಮನೆಯಲ್ಲಿ ಅಡುಗೆಮನೆಯ ನೆತ್ತಿಯ ಮೇಲೇ ಕೊಬ್ಬರಿ ಅಟ್ಟ ಇದೆ. ಕಾಯಿ ಹತ್ತು ಹನ್ನೊಂದು ತಿಂಗಳು ಅಲ್ಲೇ ಒಣಗುತ್ತಾ ಕೂತಿರುತ್ತದೆ. ಅಲ್ಲಾಡಿಸಿದಾಗ ನೀರಿನ ಸದ್ದು ಹೋಗಿ ಒಳಗೆ ಗಡಗಡ ಅಂದರೆ ಕೊಬ್ಬರಿ ಆಯಿತು ಅಂತ ಲೆಕ್ಕ. ಕೊಬ್ಬರಿಯಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಎಣ್ಣೆ. ಅದರ ಸುತ್ತ ಒಣಗಿದ ನಾರು. ಅಂದರೆ ಎಣ್ಣೆ, ಬತ್ತಿ ಎರಡನ್ನೂ ವರ್ಷವಿಡೀ ತಲೆ ಮೇಲೆ ಜೋಡಿಸಿಟ್ಟುಕೊಂಡು, ಕೆಳಗೆ ಒಲೆ ಹಚ್ಚುತ್ತೇವೆ.

ನಾನಿರುವುದು ತುಮಕೂರಿನಲ್ಲಿ, ಎರಡನೇ ಮಹಡಿಯ ಸಣ್ಣ ಮನೆ. ಇಲ್ಲಿ ಅಟ್ಟವೂ ಇಲ್ಲ, ಕಾಯಿಯೂ ಇಲ್ಲ. ಆದರೆ ಗೀಸರ್, ಇನ್ವರ್ಟರ್, ಇಂಡಕ್ಷನ್ ಒಲೆ, ಕೆಳಗೆ ಮೆಟ್ಟಿಲ ಪಕ್ಕ ಚಾರ್ಜಿಗೆ ನಿಲ್ಲುವ ಎಲೆಕ್ಟ್ರಿಕ್ ಸ್ಕೂಟರ್, ಎಲ್ಲ ಇವೆ.

ಹೋದ ವರ್ಷ ಎರಡೂ ಮನೆಗೆ ತಲಾ ಐದು ಸಾವಿರ ತೆಗೆದಿಟ್ಟೆ. ಎರಡು ಕಡೆಗೂ ಬೆಂಕಿ ಆರಿಸುವ ಒಂದೊಂದು ಕೆಂಪು ಸಿಲಿಂಡರ್ ತಂದು ಗೋಡೆಗೆ ನೇತುಹಾಕಿದರೆ ಮುಗಿಯಿತು ಅಂದುಕೊಂಡಿದ್ದೆ. ಕೊನೆಗೆ ನೋಡಿದರೆ ತುಮಕೂರಿನ ಪಟ್ಟಿಯಲ್ಲಿ ಮೊದಲಿದ್ದದ್ದು ಹಳ್ಳಿಯ ಪಟ್ಟಿಯಲ್ಲಿ ಕೊನೆಗೆ ಹೋಯಿತು. ಯಾಕೆ ಅಂತ ಹೇಳುತ್ತೇನೆ. ಇಲ್ಲಿ ಹೇಳುವ ಬೆಲೆಗಳೆಲ್ಲ ನಾನು ಕೊಟ್ಟ ಆಸುಪಾಸಿನವು, ನಿಮ್ಮ ಅಂಗಡಿಯಲ್ಲಿ ನೂರಿನ್ನೂರು ಆಚೀಚೆ ಆಗಬಹುದು.

ಗ್ಯಾಸು: ಇಲಿಯಿಂದ ಶುರು

ಇದೆಲ್ಲ ತಲೆಗೆ ಬಂದದ್ದೇ ಒಂದು ಇಲಿಯಿಂದ. ಬೆಳಗಿನ ಜಾವ ಅಮ್ಮ ಅಡುಗೆಮನೆ ಬಾಗಿಲು ತೆಗೆದರೆ ಗ್ಯಾಸಿನ ವಾಸನೆ. ಪುಣ್ಯಕ್ಕೆ ಲೈಟಿನ ಸ್ವಿಚ್ಚಿಗೆ ಕೈ ಹಾಕಲಿಲ್ಲ. ಕತ್ತಲಲ್ಲೇ ತಡಕಾಡಿ ರೆಗ್ಯುಲೇಟರ್ ಬಂದ್ ಮಾಡಿ, ಹಿತ್ತಲ ಬಾಗಿಲು ತೆಗೆದು, ಹೊರಗೆ ಜಗಲಿ ಮೇಲೆ ಕೂತರಂತೆ. ಬೆಳಕು ಹರಿದ ಮೇಲೆ ನೋಡಿದರೆ ಹಳೇ ಹಸಿರು ರಬ್ಬರ್ ಪೈಪಿನ ಮೇಲೆ ಅಕ್ಕಿ ಕಾಳಿನಷ್ಟು ಎರಡು ಹಲ್ಲಿನ ಗುರುತು. ಕಾಯಿ ತುಂಬಿದ ಅಟ್ಟ ಇರುವ ಮನೆಯಲ್ಲಿ ಇಲಿ ಇರಲೇಬೇಕು ಅಲ್ವಾ?

ಹಾಗಾಗಿ ಮೊದಲ ಹೋಲಿಕೆ ಪೈಪಿನದು. ಮಾರ್ಕೆಟ್ಟಿನಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಸಾದಾ ರಬ್ಬರ್ ಪೈಪು ಅಗ್ಗ. ಗ್ಯಾಸ್ ಏಜೆನ್ಸಿಯಲ್ಲಿ ಸಿಗುವ ಕಿತ್ತಳೆ ಬಣ್ಣದ 'ಸುರಕ್ಷಾ' ಪೈಪು ಒಂದೂವರೆ ಮೀಟರಿಗೆ ಇನ್ನೂರರ ಆಸುಪಾಸು. ಅದರ ಒಳಗೆ ಸ್ಟೀಲ್ ತಂತಿಯ ಹೆಣಿಗೆ ಇದೆ, ಇಲಿಗೆ ಸುಲಭಕ್ಕೆ ಬಗ್ಗುವುದಿಲ್ಲ. ಆಯಸ್ಸು ಐದು ವರ್ಷ. ತಯಾರಾದ ವರ್ಷ ಪೈಪಿನ ಮೇಲೇ ಅಚ್ಚಾಗಿರುತ್ತದೆ. ಇಲ್ಲಿ ಹೋಲಿಸಿ ತೂಗಿ ನೋಡುವಂಥದ್ದೇನೂ ಇಲ್ಲ. ಈ ಪಟ್ಟಿಯಲ್ಲೇ ಅತಿ ಕಡಿಮೆ ದುಡ್ಡಿಗೆ ಅತಿ ಜಾಸ್ತಿ ಲಾಭ ಕೊಡುವ ವಸ್ತು ಇದೇ.

ಸಿಲಿಂಡರ್ ಬಂದಾಗ ಅದರ ಕತ್ತಿನ ಪಟ್ಟಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಎ, ಬಿ, ಸಿ, ಡಿ ಅಕ್ಷರಗಳಲ್ಲಿ ಒಂದು, ಪಕ್ಕದಲ್ಲಿ ಎರಡಂಕಿಯ ವರ್ಷ ಇರುತ್ತದೆ. ಎ ಅಂದರೆ ಜನವರಿಯಿಂದ ಮಾರ್ಚ್, ಡಿ ಅಂದರೆ ಅಕ್ಟೋಬರಿನಿಂದ ಡಿಸೆಂಬರ್. 'ಸಿ 28' ಅಂತಿದ್ದರೆ 2028ರ ಸೆಪ್ಟೆಂಬರ್ ಒಳಗೆ ಆ ಸಿಲಿಂಡರಿನ ಮರುಪರೀಕ್ಷೆ ಆಗಬೇಕು ಅಂತ. ದಿನ ದಾಟಿದ್ದರೆ ವಾಪಸ್ ಕಳಿಸಿ. ದಾರಕ್ಕೆ ಕಟ್ಟಿರುವ ಪ್ಲಾಸ್ಟಿಕ್ ಮುಚ್ಚಳವನ್ನು ಕಿತ್ತು ಮಕ್ಕಳಿಗೆ ಆಡಲು ಕೊಡಬೇಡಿ. ವಾಲ್ವ್ ಸೋರಿದರೆ ತಕ್ಷಣ ಮುಚ್ಚಲು ಇರುವುದು ಅದೊಂದೇ. ಸೋರಿಕೆಗೆ ಫೋನ್ ಮಾಡಬೇಕಾದ ನಂಬರ್ 1906. ಮನೆಯಿಂದ ಹೊರಗೆ ಬಂದು ಮಾಡಿ, ಒಳಗೆ ನಿಂತು ಬೇಡ.

ತುಮಕೂರಿನ ಕೆಲವು ಬಡಾವಣೆಗಳಿಗೆ ಈಗ ಪೈಪ್ ಗ್ಯಾಸ್ ಬಂದಿದೆ. ಸಿಲಿಂಡರ್ ಒಳ್ಳೆಯದೋ ಪೈಪ್ ಒಳ್ಳೆಯದೋ? ಸುರಕ್ಷತೆಯ ಲೆಕ್ಕಕ್ಕೆ ನನ್ನ ಓಟು ಪೈಪಿಗೆ. ಸಿಲಿಂಡರಿನ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ನೀರಿನ ಹಾಗೆ ನೆಲದಲ್ಲಿ ಹರಿದು, ಮೂಲೆಯಲ್ಲಿ, ಮಂಚದ ಕೆಳಗೆ, ಮೋರಿಯಲ್ಲಿ ಹೋಗಿ ಕೂರುತ್ತದೆ. ಪೈಪಿನ ಗ್ಯಾಸು ಗಾಳಿಗಿಂತ ಹಗುರ, ಮೇಲಕ್ಕೇರಿ ಕಿಟಕಿಯಿಂದ ಹೋಗುತ್ತದೆ. ಹೋಗಲು ಮೇಲೊಂದು ಕಿಂಡಿ ಇರಬೇಕು ಅಷ್ಟೇ. ಜೊತೆಗೆ ಮನೆಯೊಳಗೆ 14.2 ಕಿಲೋ ಗ್ಯಾಸು, ಎರಡು ಸಿಲಿಂಡರ್ ಇದ್ದರೆ ಅದರ ಎರಡರಷ್ಟು, ಕೂಡಿಹಾಕಿಕೊಂಡು ಕೂರುವುದು ತಪ್ಪುತ್ತದೆ.

ಇಲ್ಲೊಂದು ಎಡವಟ್ಟು ಆಗುವುದನ್ನು ನೋಡಿದ್ದೇನೆ. ಸಿಲಿಂಡರ್ ಇದ್ದಾಗ ಹಾಕಿಸಿದ ಗ್ಯಾಸ್ ಅಲಾರಂ, ಪೈಪ್ ಬಂದ ಮೇಲೂ ಅದೇ ಜಾಗದಲ್ಲಿ ನೆಲದಿಂದ ಒಂದು ಗೇಣು ಮೇಲೆ ಕೂತಿರುತ್ತದೆ. ಪೈಪ್ ಗ್ಯಾಸು ಮೇಲೆ ಹೋಗುತ್ತದೆ, ಅಲಾರಂ ಕೆಳಗೆ ಕಾಯುತ್ತಿರುತ್ತದೆ! ಸಿಲಿಂಡರ್ ಇದ್ದರೆ ಅಲಾರಂ ಕೆಳಗೆ, ಪೈಪ್ ಇದ್ದರೆ ಮೇಲೆ ಸೂರಿನ ಹತ್ತಿರ. ಕೊಳ್ಳುವಾಗ ಯಾವ ಗ್ಯಾಸಿಗೆ ಅಂತ ಕೇಳಿ. ಸಾವಿರದಿಂದ ಒಂದೂವರೆ ಸಾವಿರಕ್ಕೆ ಸಿಗುತ್ತದೆ. ಜಿರಳೆ ಸ್ಪ್ರೇ, ಸ್ಯಾನಿಟೈಸರ್ ಹೊಡೆದರೂ ಕೆಲವು ಕಿರುಚುತ್ತವೆ. ಅದಕ್ಕೆ ಬೇಸತ್ತು ಪ್ಲಗ್ ಕಿತ್ತಿಡುವವರೇ ಹೆಚ್ಚು.

ಕರೆಂಟು: ಫ್ಯೂಸು, ಎಂಸಿಬಿ, ಆರ್‌ಸಿಸಿಬಿ

ನನ್ನ ಪ್ರಕಾರ ಹೆಚ್ಚು ಯೋಚನೆ ಬೇಡುವ ಜಾಗ ಇದು. ಯಾಕೆಂದರೆ ಎಂಸಿಬಿ, ಆರ್‌ಸಿಸಿಬಿ ನೋಡಲು ಹೆಚ್ಚುಕಡಿಮೆ ಒಂದೇ ಥರ, ಮಾಡುವ ಕೆಲಸ ಮಾತ್ರ ಬೇರೆ.

ಹಳ್ಳಿ ಮನೆಯಲ್ಲಿ ಇದ್ದದ್ದು ಬಿಳಿ ಪಿಂಗಾಣಿಯ ಫ್ಯೂಸು. ಫ್ಯೂಸ್ ಹೋಯಿತು ಅಂದರೆ ನಮ್ಮ ಅಪ್ಪನ ಔಷಧಿ ಒಂದೇ, "ಇನ್ನೊಂದು ಎಳೆ ಜಾಸ್ತಿ ಸುತ್ತು". ಎಳೆ ಜಾಸ್ತಿ ಆದಷ್ಟೂ ಫ್ಯೂಸ್ ಹೋಗುವುದು ನಿಲ್ಲುತ್ತದೆ ನಿಜ. ಆಮೇಲೆ ಫ್ಯೂಸಿನ ಬದಲು ಗೋಡೆಯೊಳಗಿನ ವೈರು ಕಾಯುತ್ತದೆ. ನಮ್ಮ ಮನೆಯಲ್ಲಿ ಆ ವೈರು ಹೋಗಿದ್ದದ್ದು ಅಟ್ಟದ ತೊಲೆಯ ಮೇಲೆ, ಕಾಯಿಯ ಪಕ್ಕದಲ್ಲೇ.

ಎಂಸಿಬಿ ಅಂದರೆ ಎಳೆ ಸುತ್ತಲಾಗದ ಫ್ಯೂಸು ಅಂದುಕೊಳ್ಳಿ. ಲೋಡ್ ಜಾಸ್ತಿ ಆದರೆ, ಶಾರ್ಟ್ ಆದರೆ ಬೀಳುತ್ತದೆ. ಒಂದಕ್ಕೆ ಇನ್ನೂರು ರೂಪಾಯಿ ಆಸುಪಾಸು. ಆದರೆ ಅದು ಕಾಯುವುದು ವೈರನ್ನು, ಮನುಷ್ಯನನ್ನಲ್ಲ. ಒದ್ದೆ ಕೈಯಲ್ಲಿ ಮೋಟರ್ ಸ್ವಿಚ್ ಮುಟ್ಟಿದವನ ಮೈಯಲ್ಲಿ ಹರಿಯುವ ಕರೆಂಟು 16 ಆಂಪಿಯರ್ ಎಂಸಿಬಿಗೆ ಲೆಕ್ಕಕ್ಕೇ ಬರುವುದಿಲ್ಲ. ಅದು ಸುಮ್ನೆ ನೋಡುತ್ತಾ ಕೂತಿರುತ್ತದೆ.

ಆರ್‌ಸಿಸಿಬಿಯ ಕೆಲಸ ಲೆಕ್ಕ ಇಡುವುದು. ಫೇಸಿನಲ್ಲಿ ಎಷ್ಟು ಹೋಯಿತೋ ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬರಬೇಕು. ಮೂವತ್ತು ಮಿಲಿ ಆಂಪಿಯರಿನಷ್ಟು ಎಲ್ಲೋ ಸೋರಿತು ಅಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿತ. ಸೋರಿದ್ದು ಮನುಷ್ಯನ ಮೈಯಲ್ಲೇ ಆಗಲಿ, ಇಲಿ ಕಡಿದ ವೈರಿನಿಂದ ಒದ್ದೆ ಗೋಡೆಗೇ ಆಗಲಿ, ಅದಕ್ಕೆ ಎರಡೂ ಒಂದೇ. ಎರಡು ಪೋಲಿನದಕ್ಕೆ ಎರಡು ಸಾವಿರ ರೂಪಾಯಿ ಆಸುಪಾಸು. ಅಂಗಡಿಯವರು ಇವತ್ತಿಗೂ ಇದನ್ನು ಇಎಲ್‌ಸಿಬಿ ಅಂತಲೇ ಕರೆಯುತ್ತಾರೆ. ಮೇಲೆ '30 ಎಂಎ' ಅಂತ ಬರೆದಿದೆಯಾ ನೋಡಿ, ಸಾಕು. ಆದರೆ ಇದು ಲೋಡ್ ಜಾಸ್ತಿ ಆದರೆ ಬೀಳುವುದಿಲ್ಲ. ಹಾಗಾಗಿ ಎಂಸಿಬಿಯೋ ಆರ್‌ಸಿಸಿಬಿಯೋ ಅಂತ ಕೇಳುವುದೇ ತಪ್ಪು. ಎರಡೂ ಬೇಕು. ಅರ್ಥಿಂಗ್ ಕೂಡ ಸರಿ ಇರಬೇಕು.

ಹಳ್ಳಿಯಲ್ಲಿ ಹಾಕಿಸಿದ ದಿನ ನಾಲ್ಕು ಸಲ ಬಿತ್ತು. ಎಲೆಕ್ಟ್ರಿಷಿಯನ್ ಟೆಸ್ಟರ್ ಜೇಬಿಗೆ ಹಾಕಿಕೊಂಡು, "ಹಳೇ ಮನೆ ಸಾರ್, ಹಿಂಗೇ ಆಡ್ತಾ ಇರುತ್ತೆ. ಬೈಪಾಸ್ ಮಾಡಿಬಿಡ್ಲಾ?" ಅಂದ. ಬೇಡ, ಒಂದೊಂದೇ ಲೈನ್ ಬಿಚ್ಚಿ ನೋಡೋಣ ಅಂದೆ. ಮೂರನೇ ಲೈನಿಗೆ ಸಿಕ್ಕಿತು. ಅಟ್ಟದ ತೊಲೆಯ ಮೂಲೆಯಲ್ಲಿ ವೈರಿನ ಪ್ಲಾಸ್ಟಿಕ್ ಬೆರಳುದ್ದ ಇರಲಿಲ್ಲ, ತಾಮ್ರ ಬರಿಗಣ್ಣಿಗೆ ಹೊಳೆಯುತ್ತಿತ್ತು. ಅದರ ಕೆಳಗೆ ಒಂದು ಹಿಡಿ ಪುಡಿ ನಾರು, ಇಲಿ ಗೂಡು ಕಟ್ಟಿದ್ದು. ಆ ಹುಡುಗ ಟಾರ್ಚ್ ಹಿಡಿದು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆರ್‌ಸಿಸಿಬಿ ಪದೇಪದೇ ಬಿದ್ದರೆ ದೋಷ ಅದರದ್ದು ಅಂತ ಮೊದಲೇ ತೀರ್ಮಾನ ಮಾಡಬೇಡಿ. ಬೈಪಾಸ್ ಅನ್ನುವ ಮಾತು ಬಂದರೆ ಎಲೆಕ್ಟ್ರಿಷಿಯನ್ ಬದಲಾಯಿಸಿ.

ಆ ಲೈನನ್ನು ಪಿವಿಸಿ ಪೈಪಿನೊಳಗೆ ಎಳೆಸಿ ಅಟ್ಟದಿಂದ ಹೊರಗೆ ಗೋಡೆಗೆ ಇಳಿಸಿದೆವು. ಹೊಸ ವೈರ್ ಕೊಳ್ಳುವಾಗ ಎಫ್‌ಆರ್, ಎಫ್‌ಆರ್‌ಎಲ್‌ಎಸ್ ಅಂತ ಎರಡು ಕೇಳುತ್ತಾರೆ. ಮೊದಲನೆಯದು ಬೆಂಕಿ ಹರಡುವುದನ್ನು ತಡೆಯುತ್ತದೆ, ಎರಡನೆಯದು ಅದರ ಜೊತೆಗೆ ಹೊಗೆಯನ್ನೂ ಕಡಿಮೆ ಬಿಡುತ್ತದೆ. ಒಂದೇ ಮೆಟ್ಟಿಲಿರುವ ಪೇಟೆ ಮನೆಗೆ ಎರಡನೆಯದಕ್ಕೆ ಕೊಡುವ ಹೆಚ್ಚಿನ ದುಡ್ಡು ದಂಡವಲ್ಲ. ಮನೆ ಹೊರಗೆ ಕಂಬದಲ್ಲಿ ಕಿಡಿ ಹಾರುತ್ತಿದ್ದರೆ ಬೆಸ್ಕಾಂನ 1912ಕ್ಕೆ ಹೇಳಿ, ನೀವೇ ಬಿದಿರು ಕೋಲು ಹಿಡಿದು ಹೋಗಬೇಡಿ.

ತುಮಕೂರಿನ ಮನೆಯಲ್ಲಿ ಆರ್‌ಸಿಸಿಬಿ ಮೊದಲೇ ಇತ್ತು. ಅಲ್ಲಿಯ ರೋಗ ಬೇರೆ, ಎಕ್ಸ್‌ಟೆನ್ಷನ್ ಬೋರ್ಡು. 3000 ವ್ಯಾಟ್ ಗೀಸರ್ ನಮ್ಮ 230 ವೋಲ್ಟಿಗೆ 13 ಆಂಪಿಯರ್ ಎಳೆಯುತ್ತದೆ. 2000 ವ್ಯಾಟ್ ಇಂಡಕ್ಷನ್ ಒಲೆ ಸುಮಾರು 9. ಇವನ್ನು ಟಿವಿ, ಮೊಬೈಲಿಗೆ ಅಂತ ಇರುವ 6 ಆಂಪಿಯರ್ ಪಾಯಿಂಟಿಗೆ ಕನ್ವರ್ಟರ್ ಪ್ಲಗ್ ಹಾಕಿ ಸಿಕ್ಕಿಸಿದರೆ, ಪ್ಲಗ್ಗಿನ ಕಾಲು ಬಿಸಿಯಾಗಿ ಸಾಕೆಟ್ ಕಂದುಬಣ್ಣಕ್ಕೆ ತಿರುಗುತ್ತದೆ. ಕಂದುಬಣ್ಣ ಕಂಡ ದಿನವೇ ಬದಲಾಯಿಸಿ. ಸ್ಕೂಟರಿಗೂ ಅಷ್ಟೇ, ಅದರದ್ದೇ ಆದ 16 ಆಂಪಿಯರ್ ಪಾಯಿಂಟ್ ಹಾಕಿಸಿ.

ಕೆಂಪು ಸಿಲಿಂಡರ್: ಯಾವುದು, ಎಷ್ಟು ಕಿಲೋ?

ಅಂಗಡಿಯಲ್ಲಿ ಮನೆಗೆ ಅಂತ ಕೇಳಿದರೆ ಎರಡು ತೋರಿಸುತ್ತಾರೆ. ಎಬಿಸಿ ಪುಡಿಯದು, ಕಾರ್ಬನ್ ಡೈಆಕ್ಸೈಡಿನದು.

ಪುಡಿಯದು ಎಲ್ಲದಕ್ಕೂ ಒಗ್ಗುತ್ತದೆ. ಕಟ್ಟಿಗೆ, ಬಟ್ಟೆ, ಪೆಟ್ರೋಲು, ಗ್ಯಾಸು, ಕರೆಂಟಿನ ಬೋರ್ಡು. ಎರಡು ಕಿಲೋದ್ದು ಒಂದೂವರೆಯಿಂದ ಎರಡು ಸಾವಿರ. ಮುಳ್ಳು ತೋರಿಸುವ ಗೇಜ್ ಇರುತ್ತದೆ, ಹಸಿರಿನಲ್ಲಿದ್ದರೆ ಸರಿ. ಒಮ್ಮೆ ಹೊಡೆದರೆ ಮನೆಯೆಲ್ಲ ಹಳದಿ ಪುಡಿ, ಟಿವಿ ಫ್ರಿಜ್ಜಿನ ಒಳಗೂ ಹೋಗಿ ಕೂರುತ್ತದೆ. ಅದೇ ದಿನ ಒರೆಸದಿದ್ದರೆ ಲೋಹ ತಿನ್ನುತ್ತದೆ.

ಕಾರ್ಬನ್ ಡೈಆಕ್ಸೈಡ್ ಚೊಕ್ಕ. ಒಂದು ಚೂರೂ ಉಳಿಯುವುದಿಲ್ಲ. ಆದರೆ ಪುಡಿಯದಕ್ಕಿಂತ ದುಬಾರಿ, ತುಂಬ ಭಾರ, ಸಣ್ಣ ಕೋಣೆಯಲ್ಲಿ ಹೊಡೆದರೆ ಉಸಿರೂ ಕಟ್ಟುತ್ತದೆ. ಕಟ್ಟಿಗೆ, ಹಾಸಿಗೆಯ ಬೆಂಕಿ ಆರಿದ ಹಾಗೆ ಕಂಡು ಮತ್ತೆ ಹೊತ್ತಿಕೊಳ್ಳುತ್ತದೆ. ಗೇಜೂ ಇಲ್ಲ, ತೂಕ ಮಾಡಿಯೇ ನೋಡಬೇಕು. ಕಂಪ್ಯೂಟರ್ ಅಂಗಡಿಗೆ ಸರಿ, ಮನೆಗೆ ಬೇಡ.

ಕಿಲೋ ವಿಷಯದಲ್ಲಿ ದೊಡ್ಡದೇ ಒಳ್ಳೆಯದು ಅನ್ನಿಸುತ್ತದೆ. ಆರು ಕಿಲೋ ಪುಡಿಯದನ್ನು ಡಬ್ಬಿ ಸಮೇತ ಎತ್ತಿದರೆ ಒಂಬತ್ತು ಕಿಲೋ ಆಸುಪಾಸು ತೂಗುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ಮನೆಯಲ್ಲಿ ಯಾರಿರುತ್ತಾರೆ? ಅವರು ಎತ್ತುತ್ತಾರಾ? ನಾನು ಎರಡು ಕಿಲೋ ತಂದೆ. ಹಾಕಿದ ಜಾಗ ಮುಂಬಾಗಿಲ ಪಕ್ಕ. ಮೊದಲು ಅಡುಗೆಮನೆಯಲ್ಲಿ ಒಲೆಯ ಮೇಲ್ಗಡೆಯೇ ಮೊಳೆ ಹೊಡೆದಿದ್ದೆ. ಬೆಂಕಿ ಹತ್ತಿದಾಗ ಬೆಂಕಿಯನ್ನೇ ದಾಟಿ ಕೈ ಚಾಚಬೇಕು ಅಂತ ಹೊಳೆಯಲು ನನಗೆ ಆರು ತಿಂಗಳು ಬೇಕಾಯಿತು.

ಕೊಳ್ಳುವಾಗ ಐಎಸ್‌ಐ ಗುರುತು, ಐಎಸ್ 15683 ಅನ್ನುವ ನಂಬರ್ ನೋಡಿ. ರೀಫಿಲ್ ಮಾಡಿಸುವಾಗ ಎದುರಿಗೇ ನಿಲ್ಲಿ. ನನ್ನ ಹಳೆಯದೊಂದನ್ನು ರೀಫಿಲ್‌ಗೆ ಕೊಟ್ಟಿದ್ದೆ. ಹೊಸ ಸ್ಟಿಕ್ಕರ್ ಅಂಟಿಸಿಕೊಂಡು ವಾಪಸ್ ಬಂತು, ಮುಳ್ಳು ಮಾತ್ರ ಕೆಂಪಿನಲ್ಲೇ ಇತ್ತು. ಯಾವ ಅಂಗಡಿ ಅಂತ ಇಲ್ಲಿ ಬೇಡ, ಬಿಡಿ.

ಹಾಗಾದರೆ ಹಳ್ಳಿಯಲ್ಲಿ ಇದು ಕೊನೆಗೆ ಹೋದದ್ದು ಯಾಕೆ? ಅವಧಿ ಮುಗಿಯುತ್ತಿದ್ದ ಇನ್ನೊಂದು ಪುಡಿ ಸಿಲಿಂಡರನ್ನು ಊರಿಗೆ ಒಯ್ದು, ತೋಟದ ಅಂಚಿನಲ್ಲಿ ಒಣ ಮಟ್ಟೆಯ ಗುಡ್ಡೆ ಹಾಕಿ ಬೆಂಕಿ ಕೊಟ್ಟು ಪರೀಕ್ಷೆ ಮಾಡಿದೆವು. ಪಿನ್ ಎಳೆದು, ಬೆಂಕಿಯ ಬುಡಕ್ಕೆ ಗುರಿಯಿಟ್ಟು, ಹಿಡಿ ಒತ್ತಿ, ಅತ್ತಿಂದಿತ್ತ ಬೀಸಿದೆ. ಹತ್ತು ಸೆಕೆಂಡಿಗೆ ಡಬ್ಬಿ ಖಾಲಿ. ಉರಿ ಹೋಯಿತು, ಎಲ್ಲರೂ ಚಪ್ಪಾಳೆ. ಕಾಫಿ ಕುಡಿದು ಬರುವಷ್ಟರಲ್ಲಿ ತಮ್ಮನ ಮಗ ಕೂಗಿದ, "ದೊಡ್ಡಪ್ಪಾ, ಹೊಗೆ ಬರ್ತಾ ಇದೆ". ಮಟ್ಟೆಯ ನಾರಿನ ಒಳಗೆ ಕೆಂಡ ಹಾಗೇ ಇತ್ತು. ಎರಡು ಬಿಂದಿಗೆ ನೀರು ಸುರಿದು, ಕೋಲಿನಲ್ಲಿ ಕೆದಕಿ, ಮತ್ತೆ ಸುರಿದ ಮೇಲೆಯೇ ತಣ್ಣಗಾದದ್ದು.

ಪುಡಿ ಉರಿಯನ್ನು ಕೊಲ್ಲುತ್ತದೆ, ಕೆಂಡವನ್ನು ತಣಿಸುವುದಿಲ್ಲ. ಮಟ್ಟೆ, ಚಿಪ್ಪು, ಸೋಗೆ, ಹುಲ್ಲು ಇರುವ ಮನೆಗೆ ನೀರೇ ಗತಿ. ಬೆಂಕಿ ಬಿದ್ದಾಗ ಕರೆಂಟ್ ಮೇನ್ ಆಫ್ ಮಾಡಲೇಬೇಕು, ಆಗ ಮೋಟರ್ ಓಡುವುದಿಲ್ಲ. ಹಾಗಾಗಿ ಎತ್ತರದ ಟ್ಯಾಂಕಿನಿಂದ ತಾನೇ ಇಳಿಯುವ ನೀರು ಬೇಕು. ಬಚ್ಚಲ ಮೇಲಿನ ಟ್ಯಾಂಕಿಗೆ ಒಂದು ಗೇಟ್ ವಾಲ್ವ್, ಅಡುಗೆಮನೆ ದಾಟಿ ಅಟ್ಟದ ಏಣಿ ಮುಟ್ಟುವಷ್ಟು ತೋಟದ ಪೈಪು, ಜಗಲಿಯಲ್ಲಿ ಒಂದು ಡ್ರಮ್ ನೀರು, ಎರಡು ಬಕೆಟ್. ಒಂದೂವರೆ ಸಾವಿರದೊಳಗೆ ಮುಗಿಯಿತು. ತಾಲ್ಲೂಕು ಕೇಂದ್ರದಿಂದ ಅಗ್ನಿಶಾಮಕದ ಗಾಡಿ ಬರುವವರೆಗೆ ಕೈಯಲ್ಲಿರುವುದು ಅಷ್ಟೇ. 101 ಅಥವಾ 112ಕ್ಕೆ ಫೋನ್ ಮಾಡುವುದು ಮಾತ್ರ ನೀರು ಸುರಿಯುವುದಕ್ಕಿಂತ ಮೊದಲು.

ಆದರೆ ಬಾಣಲೆಯ ಎಣ್ಣೆಗೆ ನೀರು ಬೇಡವೇ ಬೇಡ. ನೀರು ಕುದಿಯುವ ಎಣ್ಣೆಯ ತಳಕ್ಕೆ ಹೋಗಿ, ಒಂದೇ ಸಲ ಆವಿಯಾಗಿ, 1,600 ಪಟ್ಟಿನಷ್ಟು ಹಿಗ್ಗಿ, ಉರಿಯುವ ಎಣ್ಣೆಯನ್ನು ಸೂರಿಗೆ ಎಸೆಯುತ್ತದೆ. ಸೂರಿನಲ್ಲಿ ಅಟ್ಟ ಇದ್ದರೆ ಕೇಳಲೇಬೇಡಿ. ಒಲೆ ಆರಿಸಿ, ದೊಡ್ಡ ತಟ್ಟೆ ಮುಚ್ಚಿ, ತಣ್ಣಗಾಗುವವರೆಗೆ ತೆಗೆಯಬೇಡಿ. ಬೆಂಕಿ ಕಂಬಳಿ ಅಂತ ಗಾಜಿನ ನೂಲಿನದೊಂದು ಸಿಗುತ್ತದೆ, ಐನೂರರಿಂದ ಸಾವಿರ. ಮೈಗೆ ಹತ್ತಿದ ಸೀರೆಗೂ ಆಗುತ್ತದೆ, ವಯಸ್ಸಾದವರೂ ಬಳಸಬಹುದು. ಎರಡೂ ಮನೆಗೆ ತಂದೆ.

ಸ್ಕೂಟರ್ ಬ್ಯಾಟರಿ ಹೊತ್ತಿಕೊಂಡರೆ ಮನೆಯ ಯಾವ ಸಿಲಿಂಡರಿನ ಮೇಲೂ ಭರವಸೆ ಬೇಡ. ಒಳಗಿನ ಬಿಸಿ ಮತ್ತೆ ಮತ್ತೆ ಹೊತ್ತಿಸುತ್ತದೆ, ದಂಡಿ ನೀರು ಬೇಕಾಗುತ್ತದೆ. ನಮ್ಮ ಕಟ್ಟಡದಲ್ಲಿ ಎಲ್ಲರಿಗೂ ಇರುವ ಒಂದೇ ಮೆಟ್ಟಿಲ ಕೆಳಗೆ ಚಾರ್ಜ್ ಮಾಡುತ್ತಿದ್ದೆವು. ಓನರ್ ಜೊತೆ ಎರಡು ತಿಂಗಳು ಜಗ್ಗಾಡಿ ಪಾಯಿಂಟನ್ನು ಗೇಟಿನ ಪಕ್ಕಕ್ಕೆ ಹಾಕಿಸಿದೆವು.

ಹೊಗೆ ಅಲಾರಂ ಮತ್ತು ಬಿಸಿನೀರು

ಹೊಗೆ ಅಲಾರಂ ಪೇಟೆ ಮನೆಗೆ ಸರಿ. ಫೋಟೋಎಲೆಕ್ಟ್ರಿಕ್ ಅನ್ನುವ ಜಾತಿಯದು ತಗೊಳ್ಳಿ, ನಿಧಾನಕ್ಕೆ ಹೊಗೆಯಾಡುವ ಹಾಸಿಗೆ, ಸೋಫಾದ ಬೆಂಕಿಯನ್ನು ಬೇಗ ಹಿಡಿಯುತ್ತದೆ. ಮಲಗುವ ಕೋಣೆಯ ಹೊರಗೆ ಹಾಕಿ. ಅಡುಗೆಮನೆಯಲ್ಲಿ ಹಾಕಿದರೆ ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟಾಗಲೆಲ್ಲ ಬಡಿದುಕೊಳ್ಳುತ್ತದೆ. ಬಚ್ಚಲೊಲೆ ಇರುವ ಹಳ್ಳಿ ಮನೆಗೆ ಇದು ದಂಡ.

ಬಿಸಿನೀರಿಗೆ ಸೋಲಾರ್, ಕರೆಂಟು, ಗ್ಯಾಸು, ಹಂಡೆ ಅಂತ ನಾಲ್ಕು ದಾರಿ. ಗ್ಯಾಸ್ ಗೀಸರ್ ಬಚ್ಚಲಿನ ಒಳಗಿದ್ದರೆ ಮಾತ್ರ ನನ್ನ ಮಾತು ಖಡಾಖಂಡಿತ, ಬೇಡ. ಮುಚ್ಚಿದ ಜಾಗದಲ್ಲಿ ಗ್ಯಾಸು ಸರಿಯಾಗಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ಸ್ನಾನಕ್ಕೆ ಹೋದವರು ಕುಸಿದು ಬಿದ್ದದ್ದು ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ. ಬಾಣಂತಿ ಕೋಣೆಯಲ್ಲಿ ಕಿಟಕಿ ಮುಚ್ಚಿ ಕೆಂಡದ ಅಗ್ಗಿಷ್ಟಿಕೆ ಇಡುತ್ತಾರಲ್ಲ, ಅಲ್ಲೂ ಅದೇ ಅಪಾಯ. ಹೊಗೆ ಕಾಣಿಸದಿದ್ದರೂ ಕಿಟಕಿ ತೆರೆದೇ ಇರಬೇಕು.

ಕೊನೆಗೆ ಕೊಂಡದ್ದು

ಹಳ್ಳಿಗೆ ಸುರಕ್ಷಾ ಪೈಪು, ಆರ್‌ಸಿಸಿಬಿ ಜೊತೆಗೆ ಎರಡು ಎಂಸಿಬಿ, ನೀರಿನ ಪೈಪು ಡ್ರಮ್ಮು, ಕಂಬಳಿ. ಐದು ಸಾವಿರ ಅಲ್ಲಿಗೇ ಮುಗಿಯಿತು, ವೈರ್ ಎಳೆದ ಕೂಲಿ ಬೇರೆ ಬಿತ್ತು. ಪುಡಿ ಸಿಲಿಂಡರ್ ಮುಂದಿನ ಕೊಬ್ಬರಿ ದುಡ್ಡು ಬಂದ ಮೇಲೆ. ತುಮಕೂರಿಗೆ ಎರಡು ಕಿಲೋ ಎಬಿಸಿ, ಹೊಗೆ ಅಲಾರಂ, ಕಂಬಳಿ, ನೆಲದ ಹತ್ತಿರ ಗ್ಯಾಸ್ ಅಲಾರಂ. ಇನ್ನೂ ಸಿಲಿಂಡರಿನಲ್ಲೇ ಇದ್ದೇವೆ, ಪೈಪ್ ಬಂದ ದಿನ ಅದನ್ನು ಮೇಲಕ್ಕೆ ಎತ್ತಬೇಕು.

ಆರ್‌ಸಿಸಿಬಿ ಮೇಲೆ 'ಟಿ' ಅಂತ ಒಂದು ಸಣ್ಣ ಗುಂಡಿ ಇದೆ, ತಿಂಗಳಿಗೊಮ್ಮೆ ಒತ್ತಿ ಅದು ಬೀಳುತ್ತದೆಯಾ ಅಂತ ನೋಡಬೇಕು. ತಾರೀಕು ನೆನಪಿರುವುದಿಲ್ಲ ಅಂತ ಅಮ್ಮ ಅದನ್ನು ಅಮಾವಾಸ್ಯೆಗೆ ಕಟ್ಟಿಹಾಕಿದ್ದಾರೆ. ಪೂಜೆ ಮುಗಿಸಿ, ಸ್ಟೂಲ್ ಹತ್ತಿ, ಒತ್ತುತ್ತಾರೆ. ಹೋದ ಅಮಾವಾಸ್ಯೆ ಅಪ್ಪ ಕ್ರಿಕೆಟ್ ನೋಡುತ್ತಿದ್ದರಂತೆ, ಕೊನೇ ಓವರ್. ಟಿವಿ ಟಕ್ ಅಂತ ಹೋಯಿತು. ಜಗಳ ಇನ್ನೂ ಮುಗಿದಿಲ್ಲ.